ಕತ್ತರಿ ಸಾಹೇಬನೂ ಸೌದೆ ಕಾರ್ಡೂ

ನಮ್ಮ ಮನೆಯ ಹೊಲಿಗೆ ಮೆಷಿನ್ನಿನ ಕಾಲು ಈಗ ಮತ್ತೆ ಅಲ್ಲಾಡುತ್ತಿದೆ. ನಡುವೆ ಎರಡು ದಿನ ಮಾತ್ರ ಅದು ಬಂಡೆಯ ಹಾಗೆ ನಿಂತಿತ್ತು. ನಿಲ್ಲಿಸಿದವನು ನಾನೇ. ಆ ಎರಡು ದಿನ ನೆನಪಾದರೆ ಮಾತ್ರ ನನಗೆ ಟವೆಲ್ಲಿನಿಂದ ಮುಖ ಮುಚ್ಚಿಕೊಂಡು ಬಚ್ಚಲಲ್ಲಿ ಕೂತುಬಿಡೋಣ ಅನ್ನಿಸುತ್ತದೆ.

ನಾನು ಯಾರು ಅಂತ ಹೇಳಿಬಿಡುತ್ತೇನೆ. ನೀರೆತ್ತುವ ಪಂಪು ತಯಾರಿಸುವ ಕಾರ್ಖಾನೆಯ ಉಗ್ರಾಣಾಧಿಕಾರಿ. ಕಪಾಟಿನಲ್ಲಿ ಸುಮ್ಮನೆ ಕೂತಿರುವ ಸಾಮಾನು ಕಂಡರೆ ನನಗೆ ಮೈ ಉರಿಯುತ್ತದೆ. "ಹೆಚ್ಚುವರಿ ಎಂಬುದು ಸೋಮಾರಿತನದ ಅಡ್ಡಹೆಸರು" ಎಂಬ ಸುಭಾಷಿತವನ್ನು ನಾನೇ ಹೊಸೆದು ಉಗ್ರಾಣದ ಬಾಗಿಲ ಮೇಲೆ ಬರೆಸಿದ್ದೇನೆ. ಕೈಕೆಳಗಿನವರು ಬೆನ್ನ ಹಿಂದೆ ನನ್ನನ್ನು ಕತ್ತರಿ ಸಾಹೇಬ ಅನ್ನುತ್ತಾರೆ. (ಅದು ಬಿರುದು ಅಂತಲೇ ನಾನು ಬಹಳ ಕಾಲ ತಿಳಿದಿದ್ದೆ.)

ಮನೆಯಲ್ಲೂ ನನ್ನದು ಇದೇ ಆಡಳಿತ. ಎರಡನೇ ಛತ್ರಿ, ಹೆಚ್ಚಿನ ಬಲ್ಬು, ಎಲ್ಲಕ್ಕೂ ಎಂದೋ ಗೇಟ್‌ಪಾಸ್ ಕೊಟ್ಟಾಗಿದೆ. ಬಚ್ಚಲ ಬಲ್ಬು ಹೋದ ದಿನ ಟಾರ್ಚನ್ನು ಬಾಯಲ್ಲಿ ಕಚ್ಚಿಕೊಂಡು ಸ್ನಾನ ಮಾಡಿದ್ದು ಬೇರೆ ಮಾತು, ಬಿಡಿ. ನನ್ನ ಹೆಂಡತಿ ಟೈಲರ್. ಮುಂದಿನ ಕೋಣೆಯೇ ಅವಳ ಅಂಗಡಿ. ಅವಳು ಹೊಲಿಗೆಯ ಒಳಗೆ ಯಾವಾಗಲೂ ಒಂದಿಂಚು ಬಟ್ಟೆ ಹೆಚ್ಚಿಗೆ ಬಿಡುತ್ತಾಳೆ. ಅದು ದಂಡ ಅಂತ ನಾನು ಒಮ್ಮೆ ಹೇಳಿ ನೋಡಿದೆ.

"ನಿಮ್ಮ ಪ್ಯಾಂಟಲ್ಲಿ ಆ ಒಂದಿಂಚು ಬಿಡದೆ ಇದ್ದಿದ್ರೆ ಇಷ್ಟು ಹೊತ್ತಿಗೆ ನೀವು ಬೆಡ್‌ಶೀಟ್ ಸುತ್ಕೊಂಡು ಫ್ಯಾಕ್ಟರಿಗೆ ಹೋಗ್ತಿದ್ರಿ" ಅಂದಳು. ಹೊಟ್ಟೆಯ ವಿಷಯ ಎತ್ತಿದ ಮೇಲೆ ನಾನು ವಾದ ಮುಂದುವರಿಸುವುದಿಲ್ಲ.

ನಮಗೆ ಒಬ್ಬಳೇ ಮಗಳು. ಹೈಸ್ಕೂಲು. ಕೆಲವು ತಿಂಗಳಿಂದ ಅವಳು ನನ್ನೊಡನೆ ಆಡುವ ಮಾತು "ಹೂಂ", "ಊಹೂಂ", "ಸರಿ ಬಿಡು" ಇಷ್ಟಕ್ಕೆ ಇಳಿದಿತ್ತು. ಎಲ್ಲವನ್ನೂ ಕಡಿಮೆ ಮಾಡಿ ಅಂತ ಬೋಧಿಸುವ ನನಗೆ ಈ ಕಡಿತ ಮಾತ್ರ ಸಹಿಸಲಾಗುತ್ತಿರಲಿಲ್ಲ. ಅವಳ ಮಾತೆಲ್ಲ 'ಘಟಸರ್ಪ' ಎಂಬ ಕಾರ್ಡಿನ ಆಟಕ್ಕೆ, ಮತ್ತು ಆ ಆಟದ ಜೊತೆಗಾತಿಯಾದ ಚಶ್ಮಾಗೆ ಮೀಸಲು. (ಆ ಹುಡುಗಿಯ ಮುಖದಲ್ಲಿ ಕನ್ನಡಕವೇ ಮುಕ್ಕಾಲು, ಅದಕ್ಕೆ ಆ ಹೆಸರು.)

ಘಟಸರ್ಪ ಇಸ್ಪೀಟಿನ ಹಾಗಲ್ಲ. ಇಲ್ಲಿ ಪ್ರತಿಯೊಬ್ಬ ಆಟಗಾರನೂ ನೂರಾರು ಕಾರ್ಡುಗಳಲ್ಲಿ ತನಗೆ ಬೇಕಾದ್ದನ್ನು ಆರಿಸಿ ತನ್ನದೇ ಕಟ್ಟು ಕಟ್ಟಿಕೊಂಡು ಬರುತ್ತಾನೆ. ಅದರಲ್ಲಿ ಪ್ರಾಣಿಗಳಿರುತ್ತವೆ, ಸೌದೆಯೂ ಇರುತ್ತದೆ. ಸೌದೆ ಉರಿಸಿದರೆ ಮಾತ್ರ ಪ್ರಾಣಿ ಎದ್ದು ಎದುರಾಳಿಯ ಕೋಟೆ ಬೀಳಿಸಲು ಯುದ್ಧಕ್ಕೆ ಬರುತ್ತದೆ. ಇರುವೆಗೆ ಒಂದು ಸೌದೆ ಸಾಕು. ಘಟಸರ್ಪ ಏಳಬೇಕಾದರೆ ದೊಡ್ಡ ಹೊರೆಯೇ ಬೇಕು. ನನ್ನ ಮಗಳು ವರ್ಷವಿಡೀ ಒಂದೊಂದೇ ಕಾರ್ಡು ತೆಗೆದು, ಒಂದೊಂದೇ ಹಾಕಿ, ಆಡಿ, ಸೋತು, ಮತ್ತೆ ತೆಗೆದು ಎರಡು ಕಟ್ಟು ತಿದ್ದಿದ್ದಳು. ಒಂದು ತನಗೆ, ಒಂದು ಚಶ್ಮಾಗೆ. ಜೋಡಿಗಳ ಪಂದ್ಯದಲ್ಲಿ ಗೆದ್ದರೆ ವರ್ಷಕ್ಕೊಮ್ಮೆ ನಡೆಯುವ ದೊಡ್ಡ ಪಂದ್ಯಕ್ಕೆ ಪ್ರವೇಶ. ಅವಳಿಗೆ ಅದೇ ಜಪ, ಅದೇ ತಪ.

ಪಂದ್ಯದ ವಾರ ಚಶ್ಮಾಗೆ ಮಂಗನಬಾವು ಬಂತು. ಮುಖ ಊದಿ ಕನ್ನಡಕವೇ ಹಾಕಲಾಗದ ಸ್ಥಿತಿ. ಮಗಳು ಊಟದ ಮೇಜಿನ ಮುಂದೆ ತಲೆ ತಗ್ಗಿಸಿ ಕೂತಿದ್ದಳು.

"ನಾನು ಬರ್ತೀನಲ್ಲ" ಅಂದೆ.

ಹೆಂಡತಿ ಚಮಚ ಕೆಳಗಿಟ್ಟಳು. "ನೀವಾ? ಹೋದ ವರ್ಷ ಕೇರಂ ಆಡಿ, ಸೋತು, ಸ್ಟ್ರೈಕರ್ ಎಸೆದು, ಎದುರುಮನೆ ಕಿಟಕಿ..."

"ಅದು ಕೈ ಜಾರಿದ್ದು."

"ಕೈ ಜಾರಿದ್ದು ಮೂರನೇ ಸಲ."

ಮಗಳು ನನ್ನ ಮುಖವನ್ನೇ ನೋಡಿದಳು. ಬೇರೆ ಗತಿಯಿಲ್ಲದವರು ನೋಡುವ ನೋಟ ಅದು, ಆದರೂ ನನಗೆ ಅದೇ ಸನ್ಮಾನ. ಆಮೇಲಿನ ನಾಲ್ಕು ಸಂಜೆ ಅವಳು ಎದುರು ಕೂತು ಆಟ ಕಲಿಸಿದಳು. ಎಷ್ಟು ಮಾತು! "ಅಪ್ಪ, ಅವಸರ ಮಾಡ್ಬೇಡ." "ಅಪ್ಪ, ಇರುವೆ ಮೊದಲು ಬಿಡು, ದೊಡ್ಡದು ಆಮೇಲೆ." ಸೋತರೂ ಖುಷಿ, ಗೆದ್ದರೂ ಖುಷಿ. ಶುಕ್ರವಾರ ಚಶ್ಮಾಳ ಕಟ್ಟನ್ನು ನನ್ನ ಕೈಗಿಟ್ಟು ಒಂದೇ ಮಾತು ಹೇಳಿದಳು. "ಇದ್ರಲ್ಲಿ ಏನೂ ಬದಲಾಯಿಸ್ಬೇಡ ಅಪ್ಪ. ಇದ್ದ ಹಾಗೇ ಆಡು, ಸಾಕು."

ಇದ್ದದ್ದನ್ನು ಇದ್ದ ಹಾಗೇ ಬಿಡುವ ಗುಣ ನನಗಿದ್ದಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ.

ಶನಿವಾರ ಮಧ್ಯಾಹ್ನ ಮಗಳು ಚಶ್ಮಾಳ ಮನೆಯ ಕಿಟಕಿಯ ಹೊರಗೆ ನಿಂತು ಯೋಗಕ್ಷೇಮ ವಿಚಾರಿಸಲು ಹೋಗಿದ್ದಳು. ಹೆಂಡತಿ ಗುಂಡಿ, ನೂಲು ತರಲು ಪೇಟೆಗೆ ಹೋಗಿದ್ದಳು. ನಾನು ಕಟ್ಟನ್ನು ಮೇಜಿನ ಮೇಲೆ ಹರಡಿ ಸ್ಟಾಕ್ ತಪಾಸಣೆಗೆ ಕೂತೆ. ನೋಡುತ್ತೇನೆ, ಮೂರರಲ್ಲೊಂದು ಪಾಲು ಬರೀ ಸೌದೆ! ಅದೇ ಚಿತ್ರ, ಅದೇ ಕಟ್ಟಿಗೆಯ ಹೊರೆ. ಆಕ್ರಮಣ ಸೊನ್ನೆ, ರಕ್ಷಣೆ ಸೊನ್ನೆ. ದುಡಿಯದೆ ಕುರ್ಚಿ ಬಿಸಿ ಮಾಡುವ ಗುಮಾಸ್ತರ ಹಾಗೆ ಸಾಲಾಗಿ ಕೂತಿದ್ದವು. ಪಾಪ, ಮಗು, ವ್ಯವಹಾರ ಜ್ಞಾನ ಇಲ್ಲ ಅಂದುಕೊಂಡೆ. ಅತ್ತ ಅವಳು ಬೇಡವೆಂದು ಡಬ್ಬಿಯಲ್ಲಿ ಹಾಕಿಟ್ಟ ಕಾರ್ಡುಗಳಲ್ಲಿ ನೋಡಿದರೆ ಘಟಸರ್ಪಗಳು, ಕಲ್ಲಾನೆಗಳು, ಬೆಂಕಿಹದ್ದುಗಳು. ಮಹಾರಥಿಗಳೆಲ್ಲ ಡಬ್ಬಿಯಲ್ಲಿ, ಕಟ್ಟಿಗೆಯೆಲ್ಲ ಕಟ್ಟಿನಲ್ಲಿ! ಇದ್ಯಾವ ನ್ಯಾಯ ಅನ್ನಿಸಿತು.

ಕತ್ತರಿ ಆಡಿಸಿದೆ. ನಾಲ್ಕಾರು ಬಿಟ್ಟು ಸೌದೆಯೆಲ್ಲ ವಜಾ. ಇರುವೆಗಳೂ ವಜಾ. ಆ ಜಾಗಕ್ಕೆ ಮಹಾರಥಿಗಳ ನೇಮಕಾತಿ. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂವು ಅನ್ನುವ ಗಾದೆ ಆಗ ನನ್ನ ನಾಲಿಗೆಯ ತುದಿಗೂ ಬರಲಿಲ್ಲ. ತೆಗೆದ ಸೌದೆಯನ್ನು ದಂಡ ಮಾಡಬಾರದಲ್ಲ? ಹೆಂಡತಿಯ ಮೆಷಿನ್ನಿನ ಒಂದು ಕಾಲು ಗಿಡ್ಡ. ಕಾರ್ಡುಗಳನ್ನು ಒಟ್ಟಿಗೆ ಹಿಡಿದು ಆ ಕಾಲಿನ ಕೆಳಗೆ ತುರುಕಿದೆ. ಅಳತೆ ಮಾಡಿ ಕೊಟ್ಟ ಹಾಗೆ ಕೂತಿತು. ಒಂದೇ ಕಲ್ಲಿಗೆ ಎರಡು ಹಕ್ಕಿ ಹೊಡೆದ ತೃಪ್ತಿಯಲ್ಲಿ ನಿದ್ದೆ ಮಾಡಿದೆ.

"ರೀ, ಮೆಷಿನ್ ಅಲ್ಲಾಡೋದು ನಿಂತಿದೆ" ಅಂತ ಹೆಂಡತಿ ಸಂಜೆ ಮೆಚ್ಚಿದಳು. "ಪರವಾಗಿಲ್ಲ, ಒಂದು ಕೆಲಸ ಆದ್ರೂ ನೆಟ್ಟಗೆ ಮಾಡಿದ್ರಿ."

ಭಾನುವಾರ ಪಂದ್ಯ. ಪುಸ್ತಕದಂಗಡಿಯ ಮಹಡಿಯ ಮೇಲೆ ಉದ್ದನೆಯ ಕೋಣೆ, ಮಡಿಸುವ ಮೇಜುಗಳು, ಕಿರ್ರೆನ್ನುವ ಫ್ಯಾನು. ಮೊದಲ ಸುತ್ತಿನಲ್ಲಿ ನಾನು ಉಳಿಸಿದ್ದ ನಾಲ್ಕಾರು ಸೌದೆಯೂ ಏನು ಪುಣ್ಯವೋ ಒಂದರ ಹಿಂದೊಂದು ಬಂದವು. ಘಟಸರ್ಪ ಎದ್ದು ಎದುರಾಳಿಯ ಕೋಟೆಯನ್ನು ಬೂದಿ ಮಾಡಿತು. ಪಕ್ಕದ ಮೇಜಿನಲ್ಲಿ ಮಗಳೂ ಗೆದ್ದಳು.

"ಅಪ್ಪ, ಗೆದ್ದುಬಿಟ್ಟೆ!" ಅಂತ ನನ್ನ ತೋಳು ಹಿಡಿದು ಅಲ್ಲಾಡಿಸಿದಳು. ನಾಲ್ಕು ಜನರ ಮುಂದೆ ಅವಳು ನನ್ನನ್ನು ಮುಟ್ಟಿ ಎಷ್ಟು ಕಾಲವಾಗಿತ್ತೋ. ಈ ಗೆಲುವಿನ ಗುಟ್ಟನ್ನು ಊಟದ ಹೊತ್ತಿಗೆ ಅವಳಿಗೆ ನಿಧಾನವಾಗಿ ಬಿಡಿಸಿ ಹೇಳೋಣ ಅಂತ ತೀರ್ಮಾನಿಸಿದೆ.

ಎರಡನೇ ಸುತ್ತಿಗೆ ನಮ್ಮೆದುರು ಬಂದವರು ಗಿರಿಜಾ ಮೀಸೆಯ ಒಬ್ಬ ಬಸ್ ಡ್ರೈವರ್ ಮತ್ತು ಅವರ ವಯಸ್ಸಾದ ತಾಯಿ. ಅಜ್ಜಿ ನನ್ನ ಪಾಲಿಗೆ ಬಂದರು. ಪಾಪ, ವಯಸ್ಸಾದವರು, ಸ್ವಲ್ಪ ಮೆತ್ತಗೆ ಆಡೋಣ ಅಂತ ಕರುಣೆಯಿಂದ ಶುರುಮಾಡಿದೆ. ಕೈಗೆ ಬಂದದ್ದು ಘಟಸರ್ಪ, ಕಲ್ಲಾನೆ, ಹದ್ದು, ಮತ್ತೆ ಕಲ್ಲಾನೆ. ಸೌದೆ ಇಲ್ಲ. ಇನ್ನೊಂದು ಎಳೆದೆ, ಘಟಸರ್ಪ. ಮತ್ತೊಂದು ಎಳೆದೆ, ಅವನ ತಮ್ಮ. ಅಜ್ಜಿ ಒಂದೊಂದೇ ಸೌದೆ ಹಚ್ಚಿ ಒಂದೊಂದೇ ಇರುವೆ ಬಿಟ್ಟರು. ನನ್ನ ಮಹಾರಥಿಗಳು ಕೈಯಲ್ಲೇ ನಿದ್ದೆ ಹೊಡೆಯುತ್ತಿರುವಾಗ ಇರುವೆಗಳು ನನ್ನ ಕೋಟೆಯನ್ನು ಬುಡದಿಂದ ತಿಂದು ಮುಗಿಸಿದವು.

"ನಿಮ್ಮ ಸರದಿ ಬಂದಾಗ್ಲೂ ಸುಮ್ನೆ ಇರ್ತೀರಲ್ಲ, ತುಂಬಾ ತಾಳ್ಮೆ ನಿಮ್ಗೆ" ಅಂದರು ಅಜ್ಜಿ.

ಅತ್ತ ಮಗಳು ಡ್ರೈವರನ್ನು ಸೋಲಿಸಿ ಓಡಿಬಂದಳು. ನನ್ನ ಮುಖ ನೋಡಿಯೇ ಅವಳಿಗೆ ಗೊತ್ತಾಯಿತು.

"ಸೌದೆ ಬರ್ಲಿಲ್ವಾ ಅಪ್ಪ?"

ಬಾಯಿ ಬಿಡಬೇಕಾದ ಗಳಿಗೆ ಅದೇ. "ಇಲ್ಲ ಪುಟ್ಟಿ, ಅದೃಷ್ಟ ಕೈಕೊಡ್ತು" ಅಂದೆ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಅವಳಾದರೂ ನೆಲವನ್ನು ತಾನೇ ಡೊಂಕು ಮಾಡಿರಲಿಲ್ಲ.

ಮಗಳು ಉಗುರು ಕಚ್ಚಿದಳು. "ಅದೃಷ್ಟ ಅಲ್ಲ ಅಪ್ಪ. ನಾನೇ ಎಲ್ಲೋ ಲೆಕ್ಕ ತಪ್ಪಿದೀನಿ. ಸೌದೆ ಕಮ್ಮಿ ಹಾಕಿದೀನಿ ಅನ್ಸುತ್ತೆ. ಸಾರಿ."

ನನ್ನ ತಪ್ಪಿಗೆ ಅವಳು ನನ್ನ ಹತ್ತಿರ ಕ್ಷಮೆ ಕೇಳಿದಳು. ಕಿವಿಯ ತುದಿಯವರೆಗೂ ಬಿಸಿಯಾಯಿತು. ನಿಜ ಹೇಳಿಬಿಡೋಣ ಅಂತ "ಪುಟ್ಟಿ" ಅನ್ನುವಷ್ಟರಲ್ಲಿ ತೀರ್ಪುಗಾರ ಬಂದ. ಜೋಡಿಯಲ್ಲಿ ಒಬ್ಬರು ಗೆದ್ದು ಒಬ್ಬರು ಸೋತರೆ, ಗೆದ್ದವರು ತಮ್ಮ ಜೊತೆಗಾರರ ಕಟ್ಟನ್ನು ಹಿಡಿದು ಕೊನೆಯ ಆಟ ಆಡಬೇಕಂತೆ. ಅಂದರೆ ಮಗಳು ಈಗ ಅಜ್ಜಿಯೆದುರು ನನ್ನ ಕಟ್ಟಿನಿಂದ ಆಡಬೇಕು. ಅವಳು ಕೈ ಚಾಚಿದಳು. ನಾನು ಕೊಟ್ಟೆ. ಕೊಟ್ಟು, ಬಾಯಾರಿಕೆ ಅಂತ ಹೇಳಿ, ಮೂಲೆಯಲ್ಲಿದ್ದ ನೀರಿನ ಫಿಲ್ಟರಿನ ಹಿಂದೆ ಹೋಗಿ ನಿಂತೆ. (ಬಾಯಾರಿಕೆ ಇತ್ತು, ಸುಳ್ಳಲ್ಲ. ಆದರೆ ಅಷ್ಟೊಂದು ಲೋಟ ನೀರು ಕುಡಿಯುವಷ್ಟಿರಲಿಲ್ಲ.)

ಅಲ್ಲಿಂದಲೇ ಕಂಡಿತು. ಅವಳು ಮೊದಲ ಕಾರ್ಡುಗಳನ್ನು ಬಿಡಿಸಿ ಹಿಡಿದಳು. ಹುಬ್ಬು ಗಂಟಾಯಿತು. ಇನ್ನೊಂದು ಎಳೆದಳು. ಮತ್ತೊಂದು. ಆಮೇಲೆ ಮೆಲ್ಲಗೆ ತಲೆಯೆತ್ತಿ ಕೋಣೆಯಲ್ಲೆಲ್ಲ ನನ್ನನ್ನು ಹುಡುಕಿದಳು. ನಾನು ಲೋಟದೊಳಗೆ ಮುಖ ಇಟ್ಟುಕೊಂಡಿದ್ದೆ. ಕುಂಬಳಕಾಯಿ ಕಳ್ಳ ಹೆಗಲು ಮುಟ್ಟಿಕೊಂಡ ಅನ್ನುತ್ತಾರೆ, ನನ್ನ ಹೆಗಲ ಮೇಲೆ ಆಗ ಇಡೀ ಕುಂಬಳದ ತೋಟವೇ ಇತ್ತು.

ಬಂದ ಒಂದೇ ಒಂದು ಸೌದೆಯನ್ನು ಎದೆಗವಚಿಕೊಂಡು, ಕೈಲಾದಷ್ಟು ಎಳೆದಾಡಿ, ಮಗಳು ಸೋತಳು. ಅವಳ ವರ್ಷ ಅಲ್ಲಿಗೆ ಮುಗಿಯಿತು. ಎದ್ದು ಅಜ್ಜಿಯ ಕೈ ಕುಲುಕಿದಳು. ಅಜ್ಜಿ ಕುತೂಹಲದಿಂದ ಅವಳ ಕೈಯಲ್ಲಿದ್ದ ಕಾರ್ಡುಗಳನ್ನು ತಿರುಗಿಸಿ ನೋಡಿದರು. ಮೀಸೆಯ ಡ್ರೈವರೂ ಬಗ್ಗಿದರು. ಸುತ್ತ ನಾಲ್ಕಾರು ಜನ ಸೇರಿದರು. ಯಾರೋ ಕಿಸಕ್ಕನೆ ನಕ್ಕರು.

"ಇಷ್ಟೊಂದು ಆನೆ, ಇಷ್ಟೊಂದು ಸರ್ಪ. ಒಲೆಗೆ ಮಾತ್ರ ಕಡ್ಡಿ ಇಲ್ಲ. ಇದನ್ನ ಕಟ್ಟಿದ್ದು ಯಾರಮ್ಮ?" ಅಂತ ಅಜ್ಜಿ ಕೇಳಿದರು.

ಮಗಳು ಫಿಲ್ಟರಿನ ಕಡೆ ನೋಡಲಿಲ್ಲ. "ನಮ್ಮನೇದೇ ಅಜ್ಜಿ" ಅಂದಳು.

ಬೈದಿದ್ದರೆ ಎದುರು ಮಾತಾಡುತ್ತಿದ್ದೆ. ಅತ್ತಿದ್ದರೆ ಸಮಾಧಾನ ಮಾಡುತ್ತಿದ್ದೆ. ಅವಳು ಎರಡನ್ನೂ ಮಾಡದೆ ನನ್ನ ತಪ್ಪನ್ನು ಮನೆಯದು ಅಂತ ಹೊತ್ತುಕೊಂಡಳು. ಫಿಲ್ಟರಿನ ಹಿಂದಿನಿಂದ ಹೊರಗೆ ಬಂದು, "ಅಮ್ಮಾ, ಕಟ್ಟಿದ್ದು ಇವಳು, ಕೆಡಿಸಿದ್ದು ನಾನು" ಅಂದೆ. ಜೋರಾಗಿ ಹೇಳಬೇಕು ಅಂತಿದ್ದೆ, ಮೆಲ್ಲಗೆ ಬಂತು. ಬಹುಶಃ ಅಜ್ಜಿಗೆ ಕೇಳಿಸಿತು. ಮಗಳಿಗೂ ಕೇಳಿಸಿತು, ಅವಳು ಮಾತ್ರ ಕಾರ್ಡು ಜೋಡಿಸುತ್ತಲೇ ಇದ್ದಳು.

ಮನೆಗೆ ಬಂದು ಅವಳು ಕೇಳಿದ್ದು ಒಂದೇ. "ನನ್ನ ಸೌದೆ ಎಲ್ಲಿ?"

ನಾನು ಮೆಷಿನ್ನಿನ ಕಡೆ ಕೈ ತೋರಿಸಿದೆ. ಹೆಂಡತಿ ಆಗ ಯಾರದೋ ರವಿಕೆಗೆ ತೋಳು ಕೂಡಿಸುತ್ತಿದ್ದಳು. ಹೊಲಿಗೆ ನಿಲ್ಲಿಸಿ ಮೊದಲು ಕಾಲಿನ ಕೆಳಗೆ ನೋಡಿದಳು, ಆಮೇಲೆ ನನ್ನನ್ನು ನೋಡಿದಳು.

"ನಿನ್ನೆ ನಿಮ್ಮನ್ನ ಹೊಗಳಿದ್ನಲ್ಲ, ಅದನ್ನ ವಾಪಸ್ ಕೊಡಿ" ಅಂದಳು.

ಮಗಳು ನೆಲದ ಮೇಲೆ ಕೂತು ಸೌದೆಯನ್ನು ಒಂದೊಂದಾಗಿ ಹೊರಗೆ ಎಳೆದಳು. ಮೆಷಿನ್ನಿನ ಪಾದ ಒತ್ತಿ ಮೇಲಿನ ಕಾರ್ಡು ಬಾಗಿಹೋಗಿತ್ತು. ಅವಳು ಅದನ್ನು ಲಂಗದ ಮೇಲಿಟ್ಟು ಅಂಗೈಯಿಂದ ಒತ್ತಿ ಒತ್ತಿ ನೇರ ಮಾಡಿದಳು. ಆಮೇಲೆ ಒಂದು ವಾರ "ಹೂಂ" ಕೂಡ ಇಲ್ಲ. ನಾನು ಕಾರ್ಖಾನೆಗೆ ಹೋಗಿ ಬಾಗಿಲ ಮೇಲಿನ ಸುಭಾಷಿತವನ್ನು ಕೆಳಗಿಳಿಸಿದೆ. ಏನಾಯ್ತು ಸಾಹೇಬ್ರೇ ಅಂತ ಕೇಳಿದವರಿಗೆ ಬಣ್ಣ ಹೋಗಿದೆ ಅಂದೆ. ಮನೆಗೆ ಬರುವಾಗ ದಾರಿಯಲ್ಲಿ ಒಂದು ಹೆಚ್ಚಿನ ಬಲ್ಬು ತಂದು ಯಾರಿಗೂ ಕಾಣದ ಹಾಗೆ ಕಪಾಟಿನಲ್ಲಿಟ್ಟೆ.

ಈಗ ಮೆಷಿನ್ ಅಲ್ಲಾಡುತ್ತದೆಯಲ್ಲ. ಅದಕ್ಕೆ ಹೆಂಡತಿ ಒಂದು ಹೊಸ ವ್ಯವಸ್ಥೆ ಮಾಡಿದ್ದಾಳೆ. ಅವಳು ಹೊಲಿಯುವಾಗ ನಾನು ನೆಲದ ಮೇಲೆ ಕೂತು ಆ ಗಿಡ್ಡ ಕಾಲನ್ನು ಎರಡೂ ಕೈಯಲ್ಲಿ ಎತ್ತಿ ಹಿಡಿಯಬೇಕು. ಮೊನ್ನೆ ಸಂಜೆ ಹಾಗೆ ಕೂತಿದ್ದಾಗ ಮಗಳು ಬಂದು ನನ್ನ ಮುಂದೆ ನಿಂತಳು. ಹಿಂದೆ ಚಶ್ಮಾ. ಮುಖದ ಊತ ಇಳಿದಿತ್ತು, ಕನ್ನಡಕ ಮತ್ತೆ ಅಧಿಕಾರಕ್ಕೆ ಬಂದಿತ್ತು.

"ಅಪ್ಪ, ಮುಂದಿನ ತಿಂಗಳು ತಂಡಗಳ ಪಂದ್ಯ ಇದೆ. ಚಿಕ್ಕದು. ನಾನು, ಇವಳು ಆಡ್ತೀವಿ. ತಂಡಕ್ಕೆ ಇನ್ನೊಬ್ರು ಇರ್ಲೇಬೇಕಂತೆ, ಹೆಚ್ಚುವರಿ."

ನಾನು ತಲೆಯೆತ್ತಿದೆ. "ನಾನಾ?"

"ಹೂಂ."

ಆ ಒಂದು "ಹೂಂ" ಕೇಳಿ ನನ್ನ ಕಣ್ಣು ತುಂಬಿತು. ಎರಡೂ ಕೈಯಲ್ಲಿ ಮೆಷಿನ್ ಇದ್ದದ್ದರಿಂದ ಒರೆಸಿಕೊಳ್ಳುವ ಹಾಗೂ ಇರಲಿಲ್ಲ. "ಏನೇನು ತಯಾರಿ ಮಾಡ್ಕೊಳ್ಲಿ? ಯಾವ ಕಟ್ಟು? ನಾನು ಏನು ಮಾಡ್ಬೇಕು?"

"ಏನೂ ಮಾಡ್ಬಾರ್ದು" ಅಂದಳು ಮಗಳು. "ಕಾರ್ಡು ಮುಟ್ಬಾರ್ದು. ಬಂದು ಸುಮ್ನೆ ಕೂತಿರ್ಬೇಕು. ಅಷ್ಟೇ."

ಚಶ್ಮಾ ಕನ್ನಡಕ ಮೇಲೇರಿಸಿ ನನ್ನನ್ನು ತಲೆಯಿಂದ ಕಾಲಿನವರೆಗೆ ಅಳೆದು, ಗೆಳತಿಯ ಕಿವಿಯಲ್ಲಿ, ಆದರೆ ನನಗೂ ಕೇಳುವ ಹಾಗೆ ಹೇಳಿದಳು. "ಆಕ್ರಮಣ ಸೊನ್ನೆ, ರಕ್ಷಣೆ ಸೊನ್ನೆ."

"ಆದ್ರೂ ಬೇಕು" ಅಂದಳು ಮಗಳು.

"ರೀ, ಕಾಲು ಕೆಳಗೆ ಹೋಗ್ತಿದೆ, ಸರಿಯಾಗಿ ಹಿಡ್ಕೊಳ್ಳಿ" ಅಂತ ಮೇಲಿನಿಂದ ಹೆಂಡತಿ ಗದರಿದಳು. ನಾನು ಇನ್ನೂ ಸ್ವಲ್ಪ ಎತ್ತಿ ಹಿಡಿದೆ.