ಮೂರು ಮೊಟ್ಟೆ, ಒಂದು ತಲೆ, ಎರಡು ಹಾಡು

ಶನಿವಾರ ಸಂಜೆಯೊಳಗೆ ಮೂವತ್ತು ವರ್ಷದವನಾಗಿಬಿಡುತ್ತೇನೆ ಎಂದು ಶುಕ್ರವಾರ ಬೆಳಿಗ್ಗೆ ಕಾಫಿ ಕುಡಿಯುತ್ತಾ ನಿರ್ಧರಿಸಿದೆ. ನನಗಾಗ ಐವತ್ತೊಂಬತ್ತು ನಡೆಯುತ್ತಿತ್ತು. ನಡುವಿನ ಇಪ್ಪತ್ತೊಂಬತ್ತು ವರ್ಷಗಳನ್ನು ಅಡುಗೆಮನೆಯ ಸಾಮಾನಿನಿಂದಲೇ ಉಜ್ಜಿ ತೆಗೆಯುವುದು ನನ್ನ ಮಹಾಯೋಜನೆ.

ನಾನು ಓಯ್ವ, ಸಂಚಾರಿ ಗ್ರಂಥಾಲಯದ ಬಸ್ಸು ಓಡಿಸುವವನು. ಫಿನ್ಲೆಂಡಿನ ನಮ್ಮ ಸರೋವರದ ಸುತ್ತಲಿನ ಹದಿನಾಲ್ಕು ಹಳ್ಳಿಗಳಿಗೆ ಪುಸ್ತಕ ಒಯ್ಯುತ್ತೇನೆ. ಓದುಗರು ಬರುವ ತನಕ ಹಳೆಯ ಮಹಿಳಾ ಪತ್ರಿಕೆಗಳನ್ನು ತಿರುವುತ್ತಾ ಕೂರುವುದು ಅಭ್ಯಾಸ. ಅಂಥದ್ದೊಂದರಲ್ಲಿ ಈ ವಿದ್ಯೆ ಸಿಕ್ಕಿತು: ಕೂದಲಿಗೆ ಮೊಟ್ಟೆ, ಬೆಣ್ಣೆ, ರೈ ಧಾನ್ಯದ ಹಿಟ್ಟು, ಮುಖಕ್ಕೆ ಜೇನು ಮತ್ತು ಕಾಡಿನ ಬ್ಲೂಬೆರಿ. ಹಚ್ಚಿಕೊಂಡು ಬೆಚ್ಚಗೆ ಕುಳಿತರೆ ಸಾಕು, ಯೌವನ ತಾನಾಗಿ ಹಿಂದಿರುಗುತ್ತದೆ ಎಂದು ಬರೆದಿತ್ತು.

ಯೌವನದ ಅಗತ್ಯ ಬಂದದ್ದು ರೌನೊನಿಂದ. ಬೇಸಿಗೆಯ ಶನಿವಾರಗಳಂದು ನಾವೆಲ್ಲ ಸರೋವರದ ದಂಡೆಯ ಮರದ ಮಂಟಪಕ್ಕೆ ಕುಣಿಯಲು ಹೋಗುತ್ತೇವೆ. ಅಲ್ಲಿ ಒಂದು ಗಂಟೆ ಹೆಂಗಸರ ಸರದಿ. ಹೆಂಗಸರೇ ಎದ್ದು ಬಂದು ಗಂಡಸರನ್ನು ಕರೆಯಬೇಕು, ಕರೆದವರೊಡನೆ ಎರಡು ಹಾಡು ಕುಣಿಯಬೇಕು. ಹೋದ ಬೇಸಿಗೆಯ ಕೊನೆಯ ಶನಿವಾರ, ಮೂವತ್ತೊಂದು ವರ್ಷದಿಂದ ನನ್ನ ಜೊತೆ ಸಂಸಾರ ಮಾಡುತ್ತಿರುವ ಹೆಂಡತಿ ಇರ್ಮೆಲಿ ನನ್ನನ್ನು ಬಿಟ್ಟು ರೌನೊನ ಜೊತೆ ಕುಣಿದಳಂತೆ! ಇದನ್ನು ಹೇಳಿದವರೇ ನಾಲ್ಕು ಜನ. ರೌನೊ ನಿವೃತ್ತ ದಂತವೈದ್ಯ. ಅವನ ಬೆಳ್ಳಿಕೂದಲು ಗಾಳಿಗೆ ಅಲೆಅಲೆಯಾಗಿ ಹಾರುತ್ತದೆ. ನನ್ನ ತಲೆಯಲ್ಲಿ ಉಳಿದಿರುವುದನ್ನು ಗಾಳಿಯೂ ಗಮನಿಸುವುದಿಲ್ಲ.

ಇಡೀ ಚಳಿಗಾಲ ಹಿಮದ ರಸ್ತೆಯಲ್ಲಿ ಬಸ್ಸು ಓಡಿಸುತ್ತಾ ಒಂದೇ ಕನಸು ಕಂಡೆ. ಅಕಾರ್ಡಿಯನ್ ನಿಧಾನವಾಗಿ ಉಸಿರೆಳೆದುಕೊಳ್ಳುತ್ತದೆ. ಇರ್ಮೆಲಿ ಎದ್ದು ನಿಲ್ಲುತ್ತಾಳೆ. ರೌನೊನನ್ನು ದಾಟಿ, ಕಿಟಕಿಯಾಚೆಯ ನೀರಿನ ಬೆಳಕನ್ನು ದಾಟಿ, ನನ್ನ ಮುಂದೆ ಬಂದು ಕೈ ಚಾಚುತ್ತಾಳೆ. ಈ ಕನಸಿನಲ್ಲಿ ಎರಡು ಹಳ್ಳಿಗಳನ್ನು ಬಸ್ಸು ನಿಲ್ಲಿಸದೆ ದಾಟಿದ್ದೂ ಉಂಟು.

ಶನಿವಾರ ಮಧ್ಯಾಹ್ನ ಬಟ್ಟಲುಗಳನ್ನು ಎತ್ತಿಕೊಂಡು ಹೊರಟಾಗ ಇರ್ಮೆಲಿ ಅಂಗಳದಲ್ಲಿ ಎದುರಾದಳು.

"ಮೊಟ್ಟೆ ತಗೊಂಡು ಎಲ್ಲಿಗೆ?"

"ಸೌನಾಕ್ಕೆ."

"ಅಲ್ಲಿ ಕೂತು ತಿಂತೀಯಾ?"

"ತಿನ್ನೋಕಲ್ಲ ಕಣೇ. ತಲೆಗೆ."

ಅವಳು ಬಟ್ಟಲುಗಳನ್ನೂ ನನ್ನ ತಲೆಯನ್ನೂ ನೋಡಿದಳು. "ಮೂರು ಮೊಟ್ಟೆ ಬೇಕಾ? ಅಷ್ಟು ಕೂದಲಿಗೆ ಅರ್ಧ ಸಾಕಿತ್ತಲ್ಲ," ಎಂದು ಒಳಗೆ ಹೋದಳು.

ನೀರಿನಂಚಿನಲ್ಲಿರುವ ನಮ್ಮ ಸೌನಾದಲ್ಲಿ, ಆ ಹಬೆಸ್ನಾನದ ಕೋಣೆಯಲ್ಲಿ, ಒಲೆಯ ಮೇಲಿನ ಕಲ್ಲುಗಳು ಚೆನ್ನಾಗಿ ಕಾದಿದ್ದವು. ತಲೆಗೆ ಮೊಟ್ಟೆ, ಬೆಣ್ಣೆ, ಹಿಟ್ಟಿನ ಮಿಶ್ರಣವನ್ನು ಧಾರಾಳವಾಗಿ ಮೆತ್ತಿದೆ. ಮುಖಕ್ಕೆ ಜೇನು ಬ್ಲೂಬೆರಿ ಬಳಿದೆ. ಮೇಲಿನ ಹಲಗೆ ಹತ್ತಿ ಕೂತು ಕಲ್ಲುಗಳ ಮೇಲೆ ಒಂದು ಸೌಟು ನೀರು ಹೊಯ್ದೆ. ಹಬೆ ಮೆಲ್ಲಗೆ ಎದ್ದು ಹೆಗಲಿಗೆ ಶಾಲಿನಂತೆ ಸುತ್ತಿಕೊಂಡಿತು. ಬರ್ಚ್ ಮರದ ಎಲೆಯ ಪರಿಮಳ, ಪುಟ್ಟ ಕಿಟಕಿಯಲ್ಲಿ ಹೊಳೆಯುವ ನೀರು, ಎಲ್ಲೋ ದೂರದಲ್ಲಿ ದೋಣಿಯ ಹುಟ್ಟಿನ ಸದ್ದು. ಅಕಾರ್ಡಿಯನ್ ತಾನಾಗಿಯೇ ಶುರುವಾಯಿತು. ಇರ್ಮೆಲಿ ಎದ್ದಳು, ರೌನೊನನ್ನು ದಾಟಿದಳು...

ಆಗ ಆಮ್ಲೆಟ್ಟಿನ ವಾಸನೆ ಬಂತು. ಯಾರೋ ಪುಣ್ಯಾತ್ಮರು ಅಡುಗೆಗೆ ತೊಡಗಿದ್ದಾರೆ ಎಂದುಕೊಂಡೆ. ಎರಡು ಕಿಲೋಮೀಟರಿನೊಳಗೆ ನಮ್ಮದಲ್ಲದೆ ಬೇರೆ ಮನೆಯಿಲ್ಲ ಎಂಬುದು ನೆನಪಾಗಲು ಸ್ವಲ್ಪ ಹೊತ್ತು ಹಿಡಿಯಿತು. ಕೈ ತಲೆಗೆ ಹೋಯಿತು. ಟಕ್ ಎಂದಿತು. ತಲೆಯ ಮೇಲೊಂದು ತಲೆ ಬೆಳೆದಿತ್ತು!

ಬಾಗಿಲು ತಳ್ಳಿ ಓಡಿ ಸರೋವರಕ್ಕೆ ಹಾರಿದೆ. ತಣ್ಣೀರು ಎಲ್ಲವನ್ನೂ ತೊಳೆದೀತೆಂಬ ನಂಬಿಕೆ. ಬೆಣ್ಣೆ ತಣ್ಣೀರಿನಲ್ಲಿ ಏನಾಗುತ್ತದೆಂದು ಪತ್ರಿಕೆ ಬರೆದಿರಲಿಲ್ಲ. ಇದ್ದಬದ್ದ ಸಂದುಗಳನ್ನೆಲ್ಲ ಅದು ಗಾರೆಯಂತೆ ಬಿಗಿಯಿತು. ಅಷ್ಟರಲ್ಲಿ ಜೊಂಡಿನ ಮರೆಯಿಂದ ಒಂದು ಬಾತುಕೋಳಿ ತನ್ನ ಆರು ಮರಿಗಳೊಂದಿಗೆ ಬಂದು ನನ್ನ ನೆತ್ತಿಯ ಊಟಕ್ಕೆ ಕೂತಿತು. ನಾನು ಮುಳುಗಿದರೆ ಕಾಯುತ್ತಿತ್ತು, ಎದ್ದರೆ ಕುಕ್ಕುತ್ತಿತ್ತು.

ಗದ್ದಲ ಕೇಳಿ ಇರ್ಮೆಲಿ ಕಟ್ಟೆಗೆ ಬಂದಳು.

"ಓಯ್ವ, ತಲೆ ಮೇಲೆ ಏನದು?"

"ಯೌವನ."

"ಬೆಂದುಹೋಗಿದೆಯಲ್ಲೋ."

ಬಾತುಗಳನ್ನು ಓಡಿಸಿ, ನನ್ನನ್ನು ಟವೆಲಿನಲ್ಲಿ ಸುತ್ತಿ, ಕಟ್ಟೆಯ ಮೇಲೆ ಕೂರಿಸಿ, ಸೌನಾದಿಂದ ಬಿಸಿನೀರು ತಂದು ಅವಳು ಕೆಲಸ ಶುರುಮಾಡಿದಳು. ಒಂದೂವರೆ ಗಂಟೆ ಹಿಡಿಯಿತು. ಬೆರಳುಗಳಿಂದ ನೆನೆಸಿ, ಉಜ್ಜಿ, ಚೂರುಚೂರಾಗಿ ಬಿಡಿಸಿದಳು. ಅವಳ ಮಡಿಲಿಗೆ ತಲೆಯಿಟ್ಟು ಮೋಡಗಳು ತೇಲುವುದನ್ನು ನೋಡುತ್ತಾ ಇದ್ದುಬಿಟ್ಟೆ. ಇಷ್ಟು ಹೊತ್ತು ಅವಳು ನನ್ನನ್ನು ಮುಟ್ಟಿ ಎಷ್ಟು ದಿನವಾಗಿತ್ತೋ.

"ಯಾಕಪ್ಪಾ ಈ ಅವತಾರ?" ಎಂದಳು ಮೆತ್ತಗೆ.

ಸುಳ್ಳು ಹೇಳುವ ಶಕ್ತಿ ಇರಲಿಲ್ಲ. "ರೌನೊ," ಎಂದೆ. "ಹೋದ ವರ್ಷ ಅವನನ್ನೇ ಕರೆದೆಯಂತಲ್ಲ."

ಅವಳ ಬೆರಳು ನಿಂತಿತು. "ಮೊದಲು ನಿನ್ನ ಹತ್ರಾನೇ ಬಂದೆ ಮಾರಾಯ. ನೀನು ಬೆಂಚಿಗೆ ಒರಗಿ ಬಾಯಿ ಬಿಟ್ಕೊಂಡು ನಿದ್ದೆ ಹೊಡೀತಿದ್ದೆ. ಎರಡು ಸಲ ಭುಜ ಅಲ್ಲಾಡಿಸಿದೆ. ನೀನು ನಿದ್ದೆಯಲ್ಲೇ 'ಮುಂದಿನ ಸ್ಟಾಪಲ್ಲಿ ಇಳೀರಿ' ಅಂದೆ."

ನಾನು ಮೋಡಗಳನ್ನೇ ದಿಟ್ಟಿಸಿ ನೋಡತೊಡಗಿದೆ.

"ಚಳಿಗಾಲ ಪೂರ್ತಿ ಇದನ್ನೇ ಮನಸ್ಸಲ್ಲಿ ಇಟ್ಕೊಂಡಿದ್ದೆಯಾ? ಕೇಳೋಕೇನಾಗಿತ್ತು?" ಎಂದು ತಲೆಗೆ ಸಣ್ಣಗೆ ಮೊಟಕಿ, ಮುಖದ ಕಡೆ ತಿರುಗಿದಳು. ಜೇನು ಹೋಯಿತು. ಬ್ಲೂಬೆರಿ ಹೋಗಲಿಲ್ಲ. "ಈ ಬಣ್ಣ ಸೋಮವಾರದ ತನಕ ಗ್ಯಾರಂಟಿ. ಏಳು, ಮಂಟಪಕ್ಕೆ ಹೊರಡು."

"ಈ ನೇರಳೆ ಮುಖದಲ್ಲಾ?"

"ಬೇರೆ ಮುಖ ಇದ್ರೆ ಹಾಕ್ಕೊಂಡು ಬಾ."

ಮಂಟಪದ ಬೆಂಚಿನ ತುದಿಯಲ್ಲಿ ಕಣ್ಣು ಅಗಲಿಸಿಕೊಂಡು ಕೂತೆ. ಹೊರಗೆ ಇನ್ನೂ ಇಳಿಯದ ಸೂರ್ಯ, ಬಂಗಾರದ ನೀರು. ಹೆಂಗಸರ ಸರದಿಯ ದೀಪ ಹತ್ತಿತು. ಇರ್ಮೆಲಿ ಎದ್ದಳು. ರೌನೊನನ್ನು ದಾಟಿದಳು. ನನ್ನ ಮುಂದೆ ಬಂದು ಕೈ ಚಾಚಿದಳು.

ಆ ಕೈ ಹಿಡಿದು ಬೆಚ್ಚಿದೆ. ಇರ್ಮೆಲಿ ಮರದ ದೋಣಿಗಳನ್ನು ರಿಪೇರಿ ಮಾಡುವವಳು. ಮರಳುಕಾಗದ, ಟಾರು, ವಾರ್ನಿಷುಗಳ ಜೊತೆ ಬಾಳಿದ ಅಂಗೈ ಅದು. ಈಗ ರೇಷ್ಮೆಯಾಗಿತ್ತು! ಮೊದಲ ಸಲ ಇದೇ ಮಂಟಪದಲ್ಲಿ ಹಿಡಿದ ಕೈಯೇ ಇದು ಎನಿಸಿ ಹೆಜ್ಜೆ ತಪ್ಪಿತು.

"ನಿನ್ನ ಕೈಗೆ ಏನಾಯ್ತೇ?"

"ಒಂದೂವರೆ ಗಂಟೆ ನಿನ್ನ ತಲೆ ತಿಕ್ಕಿದೀನಲ್ಲ. ನಿನ್ನ ಬೆಣ್ಣೆ, ಮೊಟ್ಟೆ, ಜೇನು ಎಲ್ಲಾ ಇಲ್ಲಿಗೇ ಬಂದಿದೆ," ಎಂದು ನನ್ನ ಭುಜಕ್ಕೆ ಕೆನ್ನೆಯಿಟ್ಟಳು. ಎರಡು ಹಾಡು ನೆಲಕ್ಕೆ ಕಾಲು ತಾಗಿದ ನೆನಪಿಲ್ಲ.

ಕುಣಿತ ಮುಗಿಸಿ ಅವಳು ಕಾಫಿಗೆ ಹೋದಳು. ಕೌಂಟರಿನಲ್ಲಿ ಹೆಂಗಸರು ಅವಳ ಅಂಗೈಯನ್ನು ಒಬ್ಬರಾದ ಮೇಲೊಬ್ಬರು ಸವರಿ ನೋಡುತ್ತಿದ್ದರು. ಆಮೇಲೆ ಎಲ್ಲರೂ ಒಟ್ಟಿಗೆ ನನ್ನತ್ತ ತಿರುಗಿದರು. ಕಾಫಿ ಕೌಂಟರಿನ ಕೆರ್ಟು ಮುಂದೆ, ಮೂವರು ಹಿಂದೆ, ನೇರ ನನ್ನ ಬೆಂಚಿಗೇ ಬಂದರು. ನಾಲ್ವರು! ರೌನೊ ಬಗ್ಗಿ ನೋಡುತ್ತಿದ್ದ. ನಾನು ಎದ್ದು, ಕೋಟಿನ ಗುಂಡಿ ಹಾಕಿ, ನೇರಳೆ ಮುಖವನ್ನು ಸಾಧ್ಯವಾದಷ್ಟು ಗಂಭೀರ ಮಾಡಿಕೊಂಡೆ.

"ಓಯ್ವ, ನಾಳೆ ಬಿಡುವಿದೆಯಾ?" ಎಂದಳು ಕೆರ್ಟು.

"ನಾಳೆವರೆಗೆ ಯಾಕೆ, ಈ ಹಾಡಿಗೇ ಬರ್ತೀನಿ."

"ಹಾಡಿಗಲ್ಲಪ್ಪ. ಮೊಟ್ಟೆ ಬೆಣ್ಣೆ ಎಲ್ಲಾ ನಾವೇ ತರ್ತೀವಿ," ಎಂದು ತನ್ನ ಒಡೆದ ಅಂಗೈಗಳನ್ನು ಮುಂದೆ ಹಿಡಿದಳು. "ನೀನು ತಲೆ ಒಂದು ತಗೊಂಡು ಬಂದ್ಬಿಡು."