ಇದು ಹೆರಿಗೆ ನೋವಲ್ಲವಂತೆ

ಬಸುರಿಯ ಹೊಟ್ಟೆಯೊಳಗೆ ಏನಾಗುತ್ತಿದೆ ಎಂದು ನಮ್ಮ ಹೊಸ ತಿಪ್ಪಸಂದ್ರದ ಬೀದಿಯಲ್ಲಿ ಎಲ್ಲರಿಗೂ ಗೊತ್ತಿರುತ್ತದೆ, ಆ ಬಸುರಿಯೊಬ್ಬಳನ್ನು ಬಿಟ್ಟು. ನಾನು ಮೊದಲ ಸಲ ಬಸುರಿಯಾದಾಗ ವಾರಕ್ಕೊಮ್ಮೆಯಾದರೂ ಇದು ರುಜುವಾತಾಗುತ್ತಿತ್ತು. ಆಗಿನ್ನೂ ಮೊಬೈಲ್ ಇಲ್ಲದ ಕಾಲ.

ನನ್ನ ಹೆದರಿಕೆಗೆ ಕಾರಣವಿತ್ತು. ನಮ್ಮಕ್ಕನ ಮಗು ಎಂಟನೇ ತಿಂಗಳಿಗೇ ಹುಟ್ಟಿ, ಹದಿನೆಂಟು ದಿನ ಆಸ್ಪತ್ರೆಯ ಗಾಜಿನ ಪೆಟ್ಟಿಗೆಯಲ್ಲಿತ್ತು. ಹಾಗಾಗಿ ನನಗೆ ಎಂಟು ನಡೆಯುವಾಗ ಡಾಕ್ಟ್ರಮ್ಮ, "ಹೊಟ್ಟೆ ಮತ್ತೆ ಮತ್ತೆ ಗಟ್ಟಿಯಾದ್ರೆ, ನೀರು ಹೋದ್ರೆ, ಸೊಂಟ ಬಿಡದೆ ನೋಯ್ತಿದ್ರೆ ತಕ್ಷಣ ಬಾ. ಮನೇಲಿ ಕೂತು ಯೋಚನೆ ಮಾಡ್ಬೇಡ" ಎಂದಿದ್ದರು. ಅವರೇನೋ ಹೇಳಿಬಿಟ್ಟರು. ನಮ್ಮ ಮನೆಯಲ್ಲಿ ಯೋಚನೆ ಮಾಡುವವರು ಬೇರೆಯೇ ಇದ್ದರು.

ಕಷಾಯದ ಪರೀಕ್ಷೆ

ನಮ್ಮತ್ತೆಗೆ ಡಾಕ್ಟ್ರಿಗಿಂತ ಜೀರಿಗೆಯ ಮೇಲೆ ನಂಬಿಕೆ. ನಾನು ಸೊಂಟ ಹಿಡಿದುಕೊಂಡರೆ ಸಾಕು, ಒಲೆಯ ಮೇಲೆ ಜೀರಿಗೆ ಕಷಾಯ.

"ಕುಡಿ. ಸುಳ್ಳು ನೋವಾದ್ರೆ ಇಳಿಯುತ್ತೆ, ನಿಜದ್ದಾದ್ರೆ ಏರುತ್ತೆ."

"ಇಳಿಯೋದೂ ಇಲ್ಲ, ಏರೋದೂ ಇಲ್ಲ ಅಂದ್ರೆ?"

"ಇನ್ನೊಂದ್ ಲೋಟ ಕುಡಿ."

ನಾಲ್ಕನೇ ಲೋಟದ ಹೊತ್ತಿಗೆ ನನ್ನ ತಾಳ್ಮೆ ಮುಗಿಯಿತು. "ಅತ್ತೆ, ಮಗು ಹುಟ್ಟುತ್ತೋ ಇಲ್ವೋ, ಒಳಗೆ ತಿಳಿಸಾರಂತೂ ರೆಡಿಯಾಗಿದೆ" ಎಂದೆ.

ಅತ್ತೆ ನಗಲಿಲ್ಲ. ಲೋಟ ತೊಳೆದು ಬೋರಲು ಹಾಕಿ, "ಹಾಗಾದ್ರೆ ಸುಳ್ಳು ನೋವೇ. ನಿಜದ ನೋವಲ್ಲಿ ಇಷ್ಟು ಬಾಯಿ ಇರಲ್ಲ" ಅಂದರು.

ಮುಳ್ಳು ಹನ್ನೆರಡಕ್ಕೆ ಬರಲಿ

ನಮ್ಮ ಮನೆಯವರು ಕಾರ್ಖಾನೆಯಲ್ಲಿ ತಯಾರಾದ ಬಿಡಿಭಾಗಗಳನ್ನು ಅಳೆದು ನೋಡಿ ಪಾಸು ಮಾಡುವವರು. ಮನೆಗೆ ಬಂದರೂ ಆ ಚಟ ಬಿಡದು. ನೋವಿಗೂ ನೋವಿಗೂ ಎಷ್ಟು ನಿಮಿಷ ಅಂತರವಿದೆ ಎಂದು ಬರೆದಿಡಿ ಅಂತ ಡಾಕ್ಟ್ರಮ್ಮ ಇವರಿಗೆ ಹೇಳಿದ್ದೇ ತಪ್ಪಾಯಿತು. ಸ್ಕೇಲಿಟ್ಟು ಗೆರೆ ಎಳೆದ ನೋಟ್‌ಬುಕ್ ಬಂತು.

ಒಂದು ಸಂಜೆ ಹೊಟ್ಟೆ ಕಲ್ಲಿನಂತಾಗಿ ನಾನು "ರೀ, ಬಂತು!" ಎಂದು ಕೂಗಿದೆ. ಇವರು ಕೈಗಡಿಯಾರ ನೋಡುತ್ತಾ, "ಒಂದ್ನಿಮಿಷ ತಡಿ, ಮುಳ್ಳು ಹನ್ನೆರಡಕ್ಕೆ ಬರ್ಲಿ" ಅಂದರು.

"ತಡ್ಯೋಕೆ ಇದೇನು ನಿಮ್ಮ ಫ್ಯಾಕ್ಟ್ರಿ ಬಸ್ಸಾ?"

ಮುಂದಿನ ಚೆಕಪ್ಪಿಗೆ ಆ ಪುಸ್ತಕವನ್ನು ಹೆಮ್ಮೆಯಿಂದ ಒಪ್ಪಿಸಿದರು. ಡಾಕ್ಟ್ರಮ್ಮ ನಾಲ್ಕು ಪುಟ ತಿರುವಿ, "ಎಲ್ಲಾ ಸರಿ, ನೋವು ಎಷ್ಟು ಜೋರಾಗಿತ್ತು?" ಎಂದು ಕೇಳಿದರು.

ಇವರು ಪುಸ್ತಕವನ್ನು ಹಿಂದೆ ಮುಂದೆ ನೋಡಿ, "ಅದಕ್ಕೆ ಕಾಲಂ ಹಾಕಿಲ್ಲ ಮೇಡಂ" ಅಂದರು.

ದಾರಿಯಲ್ಲಿ ಬಿಟ್ಟ ನೋವು

ಒಂಬತ್ತಕ್ಕೆ ಬಿದ್ದ ವಾರ ಮತ್ತೆ ಸೊಂಟ ನೋವು. ಇವರು ಡ್ಯೂಟಿಯಲ್ಲಿದ್ದರು. ಅತ್ತೆಯ ಜೊತೆ ಆಟೋ ಹತ್ತಿದೆ. ಡ್ರೈವರ್ ಶಿವಾಜಿನಗರದ ವಯಸ್ಸಾದ ಸಾಬರು. "ಬಸುರಿ, ಮೆಲ್ಲಗೆ ಹೋಗಪ್ಪಾ" ಎಂದು ಅತ್ತೆ ಹೇಳಿದ್ದೇ ಹೇಳಿದ್ದು, ಕೊತ್ತಂಬರಿ ಸೊಪ್ಪಿನ ತಳ್ಳುಗಾಡಿ ನಮ್ಮನ್ನು ಹಿಂದೆ ಹಾಕಿ ಮುಂದೆ ಹೋಯಿತು.

"ಬೇಗ ಹೋಗ್ರೀ ಭಾಯ್!" ಎಂದೆ.

"ಜೋರಾಗಿ ಹೋದ್ರೆ ಹಂಪ್ ಮೇಲೇ ಆಗ್ಬಿಡ್ತದೆ ಅಮ್ಮಾ. ನನ್ ಆಟೋದಲ್ಲಿ ಆಗ್ಲೇ ಎರಡು ಹೆರಿಗೆ ಆಗ್ಯದೆ. ಸಾಕು."

ಹಲಸೂರಿನ ಆಸ್ಪತ್ರೆ ತಲುಪುವಷ್ಟರಲ್ಲಿ ನೋವು ಮಾಯ. ಡಾಕ್ಟ್ರಮ್ಮ ಮಗುವಿನ ಎದೆಬಡಿತ ಕೇಳಿ, "ಚೆನ್ನಾಗಿದೆ. ಬಂದಿದ್ದು ಒಳ್ಳೇದೇ ಆಯ್ತು" ಅಂದರು. ಆದರೆ ನಾನು ಹೀಗೆ ನೋವೆಂದು ಓಡಿ ಬಂದದ್ದು ಇದು ಮೂರನೇ ಸಲ. ಬಾಗಿಲಲ್ಲಿ ತಮಿಳು ಸಿಸ್ಟರ್ ಸೊಂಟದ ಮೇಲೆ ಕೈಯಿಟ್ಟು ನಿಂತಿದ್ದರು.

"ಎನ್ನಮ್ಮಾ, ನೋವು ಎಲ್ಲಿ?"

"ದಾರೀಲಿ ಇತ್ತು ಸಿಸ್ಟರ್."

"ಹಂಗಾದ್ರೆ ದಾರೀಲೇ ಹುಡ್ಕು, ಹೋಗು."

ಜೋಡಿಗೆ ಹೋದದ್ದು

ಮೂರು ಸಲ ವಾಪಸು ಬಂದ ಮೇಲೆ ಬಾಯಿ ಮುಚ್ಚಿಕೊಂಡೆ. ದಿನ ತುಂಬಿದ ವಾರ, ಒಂದು ದಿನ ಬೆಳಿಗ್ಗೆಯಿಂದ ಸೊಂಟ ಎಳೆಯುತ್ತಿದ್ದರೂ ಯಾರಿಗೂ ಹೇಳಲಿಲ್ಲ. ಅಷ್ಟರಲ್ಲಿ ಪಕ್ಕದ ಮನೆಯ ಹುಬ್ಬಳ್ಳಿ ಹುಡುಗಿ, ಅವಳೂ ತುಂಬು ಬಸುರಿ, "ಯವ್ವಾ, ಸತ್ತೆ!" ಎಂದು ಕೂಗಿಕೊಂಡಳು. ಅವಳ ಗಂಡ ನಮ್ಮ ಬಾಗಿಲಿಗೆ ಓಡಿ ಬಂದ.

"ಅಕ್ಕಾರ, ನಿಮಗ ಆಸ್ಪತ್ರಿ ಭಾಳ ರೂಢಿ ಐತಿ. ಜೋಡಿ ಬರ್ರಿ."

ಅವಳ ಚೀಲ ಹಿಡಿದು ಹೋದೆ. ಸಿಸ್ಟರ್ ಅವಳನ್ನು ನೋಡಿದರು, ನನ್ನನ್ನು ನೋಡಿದರು. "ಪೇಷಂಟ್ ಯಾರು?"

"ಇವಳು."

"ಮತ್ತೆ ಮೇಜು ಹಿಡ್ಕೊಂಡು ನೀನ್ಯಾಕೆ ಬೆವರ್ತಿದೀಯಾ?"

ಇಬ್ಬರನ್ನೂ ಪರೀಕ್ಷೆ ಮಾಡಿದರು. ಅವಳಿಗೆ ಗ್ಯಾಸ್. ನನ್ನನ್ನು ನೇರ ಹೆರಿಗೆ ಕೋಣೆಗೆ ಎಳೆದರು. "ಇದು ಸುಳ್ಳು ನೋವು ಸಿಸ್ಟರ್, ನೀವೇ ಹೇಳ್ತಿದ್ರಲ್ಲ!" ಎಂದು ವಾದಿಸಿದೆ. "ವಾದ ಆಮೇಲೆ. ಮೊದ್ಲು ಮಂಚ ಹತ್ತು" ಅಂದರು.

ಎರಡು ಗಂಟೆಯಲ್ಲಿ ಮಗಳು ಹುಟ್ಟಿದಳು. "ಗಾಜಿನ ಪೆಟ್ಟಿಗೇಲಿ ಇಡ್ತೀರಾ?" ನನ್ನ ಬಾಯಿಂದ ಮೊದಲು ಬಂದ ಮಾತು ಅದೇ.

"ಇವಳ ಕಿರುಚಾಟಕ್ಕೆ ಗಾಜು ನಿಲ್ಲಲ್ಲಮ್ಮಾ. ನಿನ್ ಪಕ್ಕಾನೇ ಹಾಕ್ತೀವಿ" ಅಂದರು ಸಿಸ್ಟರ್. ಆಗ ನಾನು ಅತ್ತದ್ದನ್ನು ಮನೆಯಲ್ಲಿ ಯಾರಿಗೂ ಹೇಳಿಲ್ಲ.

ಹೊರಗೆ ನಡೆದದ್ದನ್ನು ಆಯಾ ಆಮೇಲೆ ಹೇಳಿದಳು. ನಾನು ಅವರ ಜೊತೆ ಆಸ್ಪತ್ರೆಗೆ ಬಂದಿದ್ದೇನೆಂದು ತಿಳಿಸಲು, ಪರೀಕ್ಷೆಗೆ ಮೊದಲೇ ನಮ್ಮವರ ಕಾರ್ಖಾನೆಗೆ ಫೋನ್ ಮಾಡಲು ಹೋಗಿದ್ದ ಹುಬ್ಬಳ್ಳಿಯವನು ವಾಪಸು ಬಂದಾಗ ನಾವಿಬ್ಬರೂ ಕಾಣಲಿಲ್ಲ; ಹೆಂಡತಿ ಹೆರಿಗೆ ಕೋಣೆಯಲ್ಲಿದ್ದಾಳೆಂದು ಹೊರಗೆ ಕಾದು ಕೂತ. ಗ್ಯಾಸ್ ಇಳಿದ ಅವನ ಹೆಂಡತಿ ಅವನಿಗೆ ಗೊತ್ತಿಲ್ಲದೆ ಕ್ಯಾಂಟೀನಿನಲ್ಲಿದ್ದಳು. ಆಯಾ ಮಗು ಎತ್ತಿಕೊಂಡು ಬಂದು, "ಹೊಸ ತಿಪ್ಪಸಂದ್ರದವ್ರು ಯಾರು?" ಎಂದಳಂತೆ. ಇವನು "ನಾವ್ರೀ!" ಎಂದು ಎರಡೂ ಕೈ ಚಾಚಿದ. ನಮ್ಮವರು ಓಡಿ ಬರುವಷ್ಟರಲ್ಲಿ ಇಡೀ ವರಾಂಡಕ್ಕೆ ಮಗು ತೋರಿಸಿ ಆಗಿತ್ತು.

"ಹೆಣ್ಣಾತ್ರಿ ಅಣ್ಣಾರ! ನೋಡ್ರಿ, ಥೇಟ್ ನಮ್ಮವ್ವನ ಮೂಗು!"

ನಮ್ಮವರು ಬಗ್ಗಿ ಮೂಗು ನೋಡಿ, "ಹೌದು, ನಿಮ್ಮ ಮನೆ ಕಳೇನೇ" ಎಂದು ಕೈ ಕುಲುಕಿ, "ನಮ್ಮವಳೆಲ್ಲಿ?" ಎಂದರಂತೆ.

ಅಷ್ಟರಲ್ಲಿ ಅವನ ಹೆಂಡತಿ ಆ ದೊಡ್ಡ ಹೊಟ್ಟೆ ಹೊತ್ತುಕೊಂಡು, ಇಡ್ಲಿ ಅಗಿಯುತ್ತಾ ಬಂದಳು.

"ಯಾರ ಕೂಸರೀ ಅದು?"

"ನಮ್ಮದ ಲೇ!"

"ನಮ್ಮದಿನ್ನೂ ಹೊಟ್ಟ್ಯಾಗ ಒದಿಯಾಕತ್ತೈತಿ. ಮೊದಲ ಅದನ್ನ ಅಣ್ಣಾರ ಕೈಯಾಗ ಕೊಡ್ರಿ!"