ಬಳ್ಳಿಗೆ ತಕ್ಕ ಸುತ್ತಿಗೆ

ಕೊಯ್ಲು ಮುಗಿದು ಹೊಲಗಳು ಬೋಳಾಗಿದ್ದವು. ಊರಿನವರೆಲ್ಲ ಮಾಡು, ಗೋಡೆ ಅಂತ ಮನೆ ರಿಪೇರಿಗೆ ಇಳಿಯುವ ಕಾಲ. ಟೈಲರ್ ಹೊತ್ತು ಮೂಡುವ ಮೊದಲೇ ಮೆಷಿನ್ನಿಗೆ ಬಟ್ಟೆ ಹೊದಿಸಿ, ಮುಂದಿನ ಕೋಣೆಯ ಬಾಗಿಲಿಗೆ ಏಣಿ ಹಾಕಿದ್ದ. ಬಾಗಿಲ ನೆತ್ತಿಯ ಮೇಲೆ ಅವನ ಅಪ್ಪ ಸ್ವಂತ ಕೈಯಿಂದ ಮೆತ್ತಿದ್ದ ಗಾರೆಯ ಬಳ್ಳಿಯಿತ್ತು. ಅದರ ಎಲೆ, ಹೂವು, ಮೊಗ್ಗುಗಳೆಲ್ಲ ಗೋಡೆ ಬಿಟ್ಟು, ಮುದುಕನ ಹಲ್ಲಿನಂತೆ ಅಲುಗಾಡುತ್ತಿದ್ದವು.

ಆ ಕೋಣೆಯೇ ಅವನ ಅಂಗಡಿ, ಅಲ್ಲೇ ಅವನ ಸಂಸಾರ. ಅದನ್ನು ಕೆಡವಿ ಟ್ರ್ಯಾಕ್ಟರ್ ನಿಲ್ಲಿಸಬೇಕೆಂಬುದು ಅಣ್ಣನ ಬಹುಕಾಲದ ಆಸೆ; ಅಮ್ಮನೊಬ್ಬಳೇ ಅದಕ್ಕೆ ಅಡ್ಡ ನಿಂತಿದ್ದಳು. ನಿನ್ನೆ ಮಾತ್ರ ಅಣ್ಣ ಇದ್ದಕ್ಕಿದ್ದಂತೆ ಮೆತ್ತಗಾಗಿದ್ದ.

"ಮೊದಲು ಅಪ್ಪನ ಬಳ್ಳೀನ ಗಟ್ಟಿ ಮಾಡಪ್ಪ. ಕೋಣೆ ವಿಷಯ ಆಮೇಲೆ ಮಾತಾಡೋಣ."

ಅಷ್ಟಕ್ಕೇ ಟೈಲರ್ ಕೋಣೆ ಉಳಿಯಿತೆಂದು ನಂಬಿ, ಕನಸಿನಲ್ಲೇ ಕಿಟಕಿಗೆ ಹೊಸ ಪರದೆ ಹೊಲಿದಿದ್ದ.

ಟೊಳ್ಳು ಎಲ್ಲಿದೆಯೆಂದು ತಿಳಿಯಲು ಗಾರೆಯನ್ನು ತಟ್ಟಿ ನೋಡಬೇಕು. ಮನೆಯಲ್ಲಿದ್ದದ್ದು ಗೂಟ ಬಡಿಯುವ ಸುತ್ತಿಗೆ.

"ಇದರಲ್ಲಿ ತಟ್ಟಿದ್ರೆ ಬಳ್ಳಿ ಜೊತೆ ನೀವೂ ಉದುರ್ತೀರಿ" ಎಂದಳು ಹೆಂಡತಿ.

"ಲಟ್ಟಣಿಗೆ ತಗೊಳಪ್ಪ. ನಿಮ್ಮಣ್ಣನಿಗೇ ಸಾಕಾಗುತ್ತೆ" ಎಂದು ಅತ್ತಿಗೆ ಒಳಗಿನಿಂದ ಕೂಗಿದಳು.

ಪಕ್ಕದ ಮನೆಯ ಮೇಷ್ಟ್ರು ಕಲ್ಲೊಡೆಯುವ ಸುತ್ತಿಗೆಯನ್ನೇ ಹೊತ್ತು ತಂದರು. "ತೂಕ ಇರಬೇಕಯ್ಯಾ. ಹಗುರ ಸುತ್ತಿಗೆ, ಹಗುರ ಮನುಷ್ಯ, ಎರಡನ್ನೂ ನಂಬಬಾರದು" ಎನ್ನುತ್ತ, ಬೇಡವೆಂದರೂ ತಾವೇ ಏಣಿ ಹತ್ತಿ ಮೆಲ್ಲಗೆ ಮುಟ್ಟಿಸಿದರು. ಎಲೆಯೊಂದು ಕಳಚಿ ಟೈಲರ್‌ನ ಹಣೆಗೆ ಬಿತ್ತು.

"ನೋಡಿದ್ಯಾ? ಟೊಳ್ಳು ಇಲ್ಲೇ ಇದೆ!" ಎಂದು ಗೆದ್ದವರಂತೆ ಇಳಿದರು.

ಕೊನೆಗೆ ಎದುರುಮನೆಯ ಅಕ್ಕಸಾಲಿಗ ಹೆಬ್ಬೆರಳಿನಷ್ಟೇ ತಲೆಯಿದ್ದ ಸುತ್ತಿಗೆ ತಂದ. "ಹಿಡಿಯ ತುದೀಲಿ ಹಿಡ್ಕೋ, ಮಣಿಕಟ್ಟು ಸಡಿಲ ಬಿಡು. ನೀನು ಹೊಡೀಬೇಡ, ಅದರ ತೂಕಕ್ಕೆ ಅದೇ ಬೀಳ್ಲಿ. ಟಕ್ ಅಂದ್ರೆ ಗಟ್ಟಿ, ಡಬ್ ಅಂದ್ರೆ ಟೊಳ್ಳು."

"ಒಡವೆ ಮಾಡೋನ ಮಾತು ಕೇಳಿ ಗೋಡೆ ರಿಪೇರಿ ಮಾಡ್ತೀಯಾ?" ಮೇಷ್ಟ್ರು ಕೆರಳಿದರು.

"ಎಲೆ ಉದುರಿಸಿದೋನು ಒಡವೆ ಮಾಡೋನಲ್ಲ ಬಿಡಿ" ಎಂದ ಅಕ್ಕಸಾಲಿಗ.

ಮಾತಿಗೆ ಮಾತು ಬೆಳೆದು, ಇಬ್ಬರೂ ಏಣಿಯ ಒಂದೊಂದು ಕಾಲು ಹಿಡಿದು ಎಳೆದಾಡಿದರು. ಮೇಲಿದ್ದ ಟೈಲರ್ ಹಗ್ಗಕ್ಕೆ ಹಾಕಿದ ಒದ್ದೆ ಅಂಗಿಯಂತೆ ತೂಗಾಡಿದ.

ಆದರೂ ಬಿಡಲಿಲ್ಲ. ಡಬ್ಬೆಂದ ಕಡೆಯಲ್ಲೆಲ್ಲ ಬಟ್ಟೆಗೆ ಗುರುತು ಹಾಕುವ ಸೀಮೆಸುಣ್ಣದಿಂದ ಗೆರೆ ಎಳೆದ. ದಬ್ಬಳದಿಂದ ಸಣ್ಣ ತೂತು ಮಾಡಿ, ಬೇಗ ಗಟ್ಟಿಯಾಗುವ ಬಿಳಿ ಪ್ಲಾಸ್ಟರ್ ಪುಡಿಯನ್ನು ತೆಳ್ಳಗೆ ಕಲಸಿ ಒಳಗಿಳಿಸಿದ. ಹತ್ತಿ ತುಂಬಿ ಹೊಲಿದ ಮೆತ್ತೆಯನ್ನು ಒತ್ತಿ ಹಿಡಿದು, ಮಗುವನ್ನು ಮಲಗಿಸುವವನಂತೆ ಉಸಿರು ಬಿಗಿಹಿಡಿದು ನಿಂತ. ಉದುರಿದ ಎಲೆಯೂ ತನ್ನ ಜಾಗಕ್ಕೆ ಮರಳಿತು.

ಸಂಜೆ ಅಣ್ಣ ಗಾರೆ ಮೇಸ್ತ್ರಿಯನ್ನೂ ಅಮ್ಮನನ್ನೂ ಕರೆದುಕೊಂಡು ಬಂದ. ಮೇಸ್ತ್ರಿ ಬಳ್ಳಿಯನ್ನು ಬುಡದಿಂದ ತುದಿಯವರೆಗೆ ತಟ್ಟಿದ. ಎಲ್ಲೆಲ್ಲೂ ಟಕ್, ಟಕ್.

"ಭಲೇ! ಇನ್ನು ಹೆದರಿಕೆಯಿಲ್ಲ ಯಜಮಾನ್ರೇ. ಇಡಿಯಾಗಿ ಕೊಯ್ದು ನಿಮ್ಮ ಮಾಳಿಗೆ ಬಾಗಿಲ ಮೇಲೆ ಕೂರಿಸ್ತೀನಿ. ಮುಟ್ಟಿದ್ರೆ ಪುಡಿಯಾಗುತ್ತೆ ಅಂತ ತಾನೇ ಇಷ್ಟು ವರ್ಷ ಈ ಕೋಣೆ ಕೆಡವದೆ ಬಿಟ್ಟಿದ್ದು?"

ಟೈಲರ್ ಅಮ್ಮನ ಮುಖ ನೋಡಿದ.

"ನಾನು ಬಳ್ಳಿ ಹಾಳು ಮಾಡಬೇಡಿ ಅಂದಿದ್ದೆ ಕಣಪ್ಪ, ಅಷ್ಟೇ" ಎಂದು ಅಮ್ಮ ಅವನ ಬೆನ್ನು ಸವರಿದಳು. "ನಿನ್ನ ಕೈಗುಣ ದೊಡ್ಡದು."

"ಮೆಷಿನ್ನು ಮೆಟ್ಟಿಲ ಕೆಳಗೆ ಇಟ್ಕೋ. ನಾನೇನು ಬೇಡ ಅಂತೀನಾ?" ಎಂದ ಅಣ್ಣ.

ಬೀದಿಯಲ್ಲಿ ಮೇಷ್ಟ್ರೂ ಅಕ್ಕಸಾಲಿಗನೂ ಈ ಕೀರ್ತಿ ಯಾರ ಸುತ್ತಿಗೆಗೆ ಸೇರಬೇಕೆಂದು ಜಗಳವಾಡುತ್ತಿದ್ದರು. ಒಳಗೆ ಹೆಂಡತಿ ಗಿರಾಕಿಗಳ ಬಟ್ಟೆಯನ್ನು ಗಂಟು ಕಟ್ಟತೊಡಗಿದ್ದಳು. ತಲೆ ಎತ್ತದೆಯೇ ಹೇಳಿದಳು:

"ಹುಟ್ಟಿದಾಗಿಂದ ಮಾಡಿದ ಕೆಲಸವನ್ನೆಲ್ಲ ಕೆಡಿಸಿದ್ರಿ. ಇದೊಂದನ್ನೂ ಕೆಡಿಸಬಾರದಿತ್ತಾ?"